ಮೇಳದ ಸೇವೆ ಮತ್ತು ಆವಿಗೆಯ ಲೆಕ್ಕ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಬೆಂಗಳೂರಿನಲ್ಲಿ ಸ್ಟೋನ್‌ವೇರ್ ಪಾತ್ರೆಗಳ ಪುಟ್ಟ ಕಾರ್ಯಾಗಾರವೊಂದನ್ನು ನಡೆಸುತ್ತಿರುವ ನನ್ನ ಅನುಭವದಲ್ಲಿ ಆ ದೊಣ್ಣೆಯು ಅನೇಕ ವೇಳೆ ದೂರವಾಣಿ ಕರೆಯ ರೂಪದಲ್ಲಿ ಬರುತ್ತದೆ. ಹಲವು ಕರಕುಶಲ ಮೇಳಗಳು ಸ್ವಯಂಸೇವಕರ ದುಡಿಮೆಯಿಂದಲೇ ನಡೆಯುತ್ತವೆ. ಅವರಲ್ಲಿ ಕೆಲವರು ಅದೇ ಮೇಳದಲ್ಲಿ ಮಳಿಗೆ ಹಾಕುವ ತಯಾರಕರೂ ಆಗಿರುತ್ತಾರೆ. ಎರಡು ದೋಣಿಗಳಲ್ಲಿ ಕಾಲಿಟ್ಟ ಇಂತಹವರು ತಮ್ಮ ಕಾಲವನ್ನು ಹೇಗೆ ಹಂಚಿಕೊಳ್ಳಬೇಕೆಂಬುದು ಈ ಲೇಖನದ ವಿಷಯ. ವಸ್ತುಪ್ರದರ್ಶನ ಸಮಿತಿಗಳಲ್ಲಿ ದುಡಿಯುವ ಇತರ ಸಣ್ಣ ಉದ್ದಿಮೆದಾರರಿಗೂ ಇದರಲ್ಲಿ ಬೇಕಾದದ್ದು ಕೆಲವಾದರೂ ದೊರೆಯಬಹುದು.

ಎಲ್ಲ ಕಸುಬುಗಳೂ ಒಂದೇ ರೀತಿ ಕಾಯುವುದಿಲ್ಲ. ಚನ್ನಪಟ್ಟಣದ ಆಟಿಕೆಯು ತಿರುಗುವ ಯಂತ್ರದ ಮೇಲಿರುವಾಗಲೇ ಅರಗಿನ ಬಣ್ಣವನ್ನು ಪಡೆಯುತ್ತದೆ. ಒಂದು ಗಂಟೆಯ ಬಿಡುವು ದೊರೆತರೂ ಒಂದಿಷ್ಟು ಮಾಲು ಸಿದ್ಧವಾದೀತು. ಮಣ್ಣಿನ ಸ್ವಭಾವ ಬೇರೆ. ತಿಗರಿಯಿಂದ ಇಳಿಸಿದ ಬಟ್ಟಲು ತೊಗಲಿನ ಹದಕ್ಕೆ ಬಂದಾಗಲೇ ಅದರ ತಳವನ್ನು ಕೆತ್ತಬೇಕು, ಹಿಡಿಯನ್ನು ಅಂಟಿಸಬೇಕು. ಆ ಹದವು ಸಮಿತಿಯ ಸಭೆ ಮುಗಿಯುವವರೆಗೆ ಕಾದು ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸಿ ಅದನ್ನು ಒಂದೆರಡು ದಿನ ಹಿಡಿದಿಡಬಹುದು, ಅಷ್ಟೇ.

ಈ ಪಾಠವನ್ನು ನಾನು ನಷ್ಟ ತೆತ್ತು ಕಲಿತೆ. ಕೆಲವು ವರ್ಷಗಳ ಹಿಂದೆ ಮೇಳವೊಂದರ ಮಳಿಗೆ ಹಂಚಿಕೆಯ ಹೊಣೆಯನ್ನು ಒಪ್ಪಿಕೊಂಡಿದ್ದೆ. ತೊಂಬತ್ತು ಬಟ್ಟಲುಗಳನ್ನು ಹಲಗೆಯ ಮೇಲಿಟ್ಟು, ಹೊದಿಸುವುದನ್ನು ಮರೆತು ಸಭೆಗೆ ಹೋದೆ. ಹಿಂದಿರುಗುವಾಗ ಬಾಯಿ ಒಣಗಿತ್ತು, ತಳ ಹಸಿಯಾಗಿಯೇ ಇತ್ತು. ಹಟ ಮಾಡಿ ಹಿಡಿಗಳನ್ನು ಅಂಟಿಸಿದೆ. ಆಗಲೇ ಕುಗ್ಗಿದ್ದ ಗೋಡೆಗೆ ಅಂಟಿದ ಹಸಿ ಹಿಡಿಯು ತಾನು ಕುಗ್ಗುವಾಗ ಬೆಸುಗೆಯಲ್ಲಿ ಬಿರುಕು ಬಿಟ್ಟಿತು. ಕೊರತೆಯನ್ನು ತುಂಬಲು ಮತ್ತೊಂದು ತಂಡವನ್ನು ಅವಸರದಿಂದ ಮಾಡಿ, ಪೂರ್ತಿ ಒಣಗುವ ಮೊದಲೇ ಆವಿಗೆಗೆ ಹಾಕಿದೆ. ಗೋಡೆಯೊಳಗಿನ ನೀರು ಹಬೆಯಾಗಿ ಹಲವು ಬಟ್ಟಲುಗಳು ಒಡೆದುಹೋದವು. ಮೇಳಕ್ಕೆ ತಲುಪಿದ್ದು ಎರಡೂ ತಂಡಗಳಿಂದ ಉಳಿದ ನಲವತ್ತೊಂದು. ಮಳಿಗೆ ಹಂಚಿಕೆ ಮಾತ್ರ ಬಹಳ ಸೊಗಸಾಗಿತ್ತೆಂದು ಎಲ್ಲರೂ ಹೊಗಳಿದರು. ಮನೆಗೆ ಮಾರಿ, ಪರರಿಗೆ ಉಪಕಾರಿ ಎಂದು ನನ್ನ ತಾಯಿಯವರು ಅಂದದ್ದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಹಿಂದಿನಿಂದ ಎಣಿಸುವ ಕ್ರಮ

ಮೇಳದ ದಿನದಿಂದ ಹಿಂದಕ್ಕೆ ಎಣಿಸುವುದೇ ಸರಿಯಾದ ಕ್ರಮ. ಒಂದೇ ವಿದ್ಯುತ್ ಆವಿಗೆ ಇರುವ ಕಾರ್ಯಾಗಾರವೆಂದು ಇಟ್ಟುಕೊಳ್ಳೋಣ. ಮೊದಲ ಸುಡುವಿಕೆಯು ಸುಮಾರು 950 ಡಿಗ್ರಿ ಸೆಲ್ಸಿಯಸ್‌ನವರೆಗೆ, ಮೆರುಗು ಹಚ್ಚಿದ ನಂತರದ ಎರಡನೆಯದು 1200ರಿಂದ 1280 ಡಿಗ್ರಿಯವರೆಗೆ. ಏರಲು ಒಂದು ದಿನ, ಆರಲು ಇನ್ನೊಂದು ದಿನ. ಆರುವ ಕಾಲವನ್ನು ಕಡಿತಗೊಳಿಸುವಂತಿಲ್ಲ. 573 ಡಿಗ್ರಿಯ ಸುಮಾರಿನಲ್ಲಿ ಮಣ್ಣಿನೊಳಗಿನ ಸ್ಫಟಿಕಶಿಲೆಯ ಕಣಗಳ ಗಾತ್ರ ಥಟ್ಟನೆ ಬದಲಾಗುವುದರಿಂದ, ಬಾಗಿಲನ್ನು ಬೇಗ ತೆರೆದರೆ ಪಾತ್ರೆ ಸೀಳುತ್ತದೆ.

ಮೊದಲ ಸುಡುವಿಕೆಯಲ್ಲಿ ಪಾತ್ರೆಗಳನ್ನು ಒಂದರೊಳಗೊಂದು ಇಡಬಹುದು. ಮೆರುಗಿನ ಸುಡುವಿಕೆಯಲ್ಲಿ ಒಂದಕ್ಕೊಂದು ತಾಕಬಾರದು, ತಾಕಿದರೆ ಕರಗಿದ ಮೆರುಗಿನಿಂದ ಅಂಟಿಕೊಳ್ಳುತ್ತವೆ. ಆದ್ದರಿಂದ ಮೂರು ಆವಿಗೆ ತುಂಬುವಷ್ಟು ಮೆರುಗಿನ ಮಾಲಿಗೆ ಮೊದಲು ಎರಡು ಸಲ ಸುಟ್ಟರೆ ಸಾಕಾದೀತು. ಒಟ್ಟು ಐದು ಸಲ, ಅಂದರೆ ಹತ್ತು ದಿನ ಆವಿಗೆ ಬಿಡುವಿಲ್ಲದೆ ದುಡಿಯುತ್ತದೆ. ಇದಕ್ಕೆ ಕಟ್ಟುವಿಕೆ, ಬೆಲೆಚೀಟಿಗಳಿಗೆ ಮೂರು ದಿನ, ಒಣಗಲು ಹತ್ತು ದಿನ, ತಿಗರಿಯ ಕೆಲಸಕ್ಕೆ ಮತ್ತೆ ಹತ್ತು ದಿನ ಸೇರಿಸಿದರೆ ಸುಮಾರು ಐದು ವಾರಗಳಾಗುತ್ತವೆ. ದಸರಾ, ದೀಪಾವಳಿಯ ಮೇಳಗಳಿಗೆ ಮಾಲು ಮಾಡುವವರು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಯಲ್ಲಿ ಒಣಗಿಸಬೇಕಾಗುತ್ತದೆ; ಅವರು ಇನ್ನೂ ಒಂದು ವಾರವನ್ನು ಕೂಡಿಸಿಕೊಳ್ಳತಕ್ಕದ್ದು. ಕಡೆಯ ಆವಿಗೆ ಮೇಳಕ್ಕೆ ಐದು ದಿನ ಮೊದಲೇ ಮುಗಿದಿದ್ದರೆ, ಕೆಟ್ಟ ಮೆರುಗನ್ನು ಮತ್ತೊಮ್ಮೆ ಸುಟ್ಟು ಸರಿಪಡಿಸಲು ಅವಕಾಶವಿರುತ್ತದೆ.

ಹೊಣೆಯ ಆಯ್ಕೆ

ಸ್ವಯಂಸೇವೆಯ ಕೆಲಸಗಳಿಗೂ ಇಂತಹದೇ ಋತುಗಳಿವೆ. ಅರ್ಜಿಗಳ ಪರಿಶೀಲನೆ, ಕರಪತ್ರದ ಬರಹ, ಪ್ರಾಯೋಜಕರೊಡನೆ ಪತ್ರವ್ಯವಹಾರ ಇವೆಲ್ಲ ಎರಡು ಮೂರು ತಿಂಗಳು ಮುಂಚೆ ಮುಗಿಯುತ್ತವೆ. ಮೈದಾನದ ಗುರುತು, ವಿದ್ಯುತ್ ಸಂಪರ್ಕ, ಪರಊರಿನ ಕುಶಲಕರ್ಮಿಗಳ ವಸತಿ ಇವು ಕಡೆಯ ಹತ್ತು ದಿನಗಳ ತಲೆನೋವು, ಅಂದರೆ ನಮ್ಮ ಆವಿಗೆ ಉರಿಯುವ ಹೊತ್ತು. ಕುಂಬಾರಿಕೆಯವರು ಮೊದಲ ಬಗೆಯ ಹೊಣೆಯನ್ನು ಕೇಳಿ ಪಡೆಯಬೇಕು. ಮಾಲು ಆಗಲೇ ಕಪಾಟಿನಲ್ಲಿರುವ ಬಟ್ಟೆಯ ತಯಾರಕರು ಎರಡನೆಯದನ್ನು ವಹಿಸಿಕೊಂಡರೆ ಯಾರಿಗೂ ನಷ್ಟವಿಲ್ಲ. ಸಮಿತಿಯ ಮೊದಲ ಸಭೆಯಲ್ಲಿಯೇ ಇದನ್ನು ಸಂಕೋಚವಿಲ್ಲದೆ ಹೇಳಿ, ನಡಾವಳಿಯಲ್ಲಿ ಬರೆಸುವುದು ಲೇಸು.

ಸೇವೆಯ ಗಂಟೆಗಳಿಗೂ ಬೆಲೆಯಿದೆ. ಒಂದು ಬಟ್ಟಲಿಗೆ ಎಲ್ಲ ಹಂತಗಳೂ ಸೇರಿ ಇಪ್ಪತ್ತು ನಿಮಿಷದ ದುಡಿಮೆಯೆಂದು ಊಹಿಸಿದರೆ, 40 ಗಂಟೆಗಳ ಸೇವೆಯೆಂದರೆ 120 ಬಟ್ಟಲುಗಳು. ಐದರಲ್ಲಿ ಒಂದು ಹಾಳಾಗುತ್ತದೆಂದು ಕಳೆದರೂ 96 ಉಳಿಯುತ್ತವೆ. ಒಂದಕ್ಕೆ 250 ರೂಪಾಯಿಯಂತೆ 24,000 ರೂಪಾಯಿಗಳ ಮಾರಾಟ. ಇದು ಸೇವೆಯನ್ನು ನಿರಾಕರಿಸಲು ಹೇಳುವ ಮಾತಲ್ಲ. ಮಳಿಗೆ ಬಾಡಿಗೆಯಲ್ಲಿ ಸ್ವಯಂಸೇವಕರಿಗೆ ರಿಯಾಯಿತಿ ಕೊಡುವ ಪದ್ಧತಿಯಿದ್ದಲ್ಲಿ, ಅದು ಈ ಮೊತ್ತಕ್ಕೆ ಎಷ್ಟು ಹತ್ತಿರವಿದೆ ಎಂದು ತಿಳಿದಿರಲಿ ಎಂದಷ್ಟೇ. ಇನ್ನು ಮಳಿಗೆ ಹಂಚುವವರು ತಮಗೇ ಮೂಲೆಯ ಒಳ್ಳೆಯ ಜಾಗವನ್ನು ಇಟ್ಟುಕೊಂಡರೆ ಮರುವರ್ಷ ಯಾರೂ ನಂಬುವುದಿಲ್ಲ. ಅಂತಹವರ ಮಳಿಗೆಯನ್ನು ಚೀಟಿ ಎತ್ತಿ ಗೊತ್ತುಮಾಡಬೇಕು.

ಮೇಳದ ದಿನಗಳಲ್ಲಿ ಸ್ವಯಂಸೇವಕರ ಮಳಿಗೆ ಪದೇ ಪದೇ ಅನಾಥವಾಗುತ್ತದೆ. ಪಕ್ಕದವರನ್ನು ನೋಡಿಕೊಳ್ಳಿ ಎಂದರೆ ಅವರು ಹಣ ಪಡೆದಾರು, ಆದರೆ ಈ ಬಟ್ಟಲಿನಲ್ಲಿ ಹುಳಿ ಸಾರು ಹಾಕಬಹುದೇ, ಮೈಕ್ರೋವೇವ್ ಒಲೆಗೆ ಇಡಬಹುದೇ ಎಂಬ ಪ್ರಶ್ನೆಗೆ ಉತ್ತರಿಸಲಾರರು. ಈಗ ನಾನು ಎಲ್ಲ ಮಾಲಿನ ತಳಕ್ಕೂ ಬೆಲೆಚೀಟಿ ಅಂಟಿಸಿ, ಕೇಳಬಹುದಾದ ಹತ್ತು ಪ್ರಶ್ನೆಗಳಿಗೆ ಉತ್ತರವನ್ನು ರಟ್ಟಿನ ಮೇಲೆ ಬರೆದು ಮೇಜಿನ ಮೇಲಿಡುತ್ತೇನೆ. ಜೊತೆಗೆ ಸಂಬಳಕ್ಕೆ ಒಬ್ಬ ಸಹಾಯಕರನ್ನು ನೇಮಿಸಿ, ಅವರ ಕೂಲಿಯನ್ನು ಮಳಿಗೆಯ ಖರ್ಚಿನಲ್ಲಿ ಬಾಡಿಗೆಯ ಕೆಳಗಿನ ಸಾಲಿನಲ್ಲಿಯೇ ಬರೆದುಕೊಳ್ಳುತ್ತೇನೆ.