ಅಭಿಮಾನಿಯ ಖಾತೆ, ಬುಕ್ಕಿಯ ಖಾತೆ



ಈ ವರ್ಷದ ಜೂನ್ 11ರಿಂದ ಜುಲೈ 19ರವರೆಗೆ ಅಮೆರಿಕ, ಕೆನಡಾ ಮತ್ತು ಮೆಕ್ಸಿಕೊ ದೇಶಗಳಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಯುತ್ತದೆ. 2022ರಲ್ಲಿ ಕತಾರ್‌ನಲ್ಲಿ 32 ತಂಡಗಳು 64 ಪಂದ್ಯಗಳನ್ನು ಆಡಿದ್ದವು. ಈ ಸಲ 48 ತಂಡಗಳು, 104 ಪಂದ್ಯಗಳು. ಫೈನಲ್ ನಮ್ಮ ಗಡಿಯಾರದಲ್ಲಿ ಜುಲೈ 20ರ ಮಧ್ಯರಾತ್ರಿ 12.30ಕ್ಕೆ ಶುರುವಾಗುತ್ತದೆ.

ಭಾರತ ಈ ಕಪ್‌ನಲ್ಲಿ ಆಡುತ್ತಿಲ್ಲ. ಆದರೂ ನಮಗೆಲ್ಲ ಒಂದೊಂದು ತಂಡ ಇದೆ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಪುಲ್ಲಾವೂರಿನಲ್ಲಿ 2022ರಲ್ಲಿ ಮೆಸ್ಸಿ, ನೇಮರ್, ರೊನಾಲ್ಡೊ ಅವರ ಎತ್ತರದ ಕಟೌಟ್‌ಗಳನ್ನು ಹೊಳೆಯ ಬಳಿ ನಿಲ್ಲಿಸಿದ್ದರು. ನಾನಿರುವ ಚಾಮರಾಜಪುರಂನಲ್ಲಿ ಅಷ್ಟು ದೊಡ್ಡದೇನೂ ಇಲ್ಲ. ಸಂಜೆ ಚೆಂಡು ಒದೆಯುವ ಹುಡುಗರ ಬೆನ್ನ ಮೇಲೆ 10 ಅಥವಾ 7 ನಂಬರ್ ಇರುತ್ತದೆ, ರೈಲು ನಿಲ್ದಾಣದ ಕಡೆಯ ಟೀ ಅಂಗಡಿಯಲ್ಲಿ ಒಂದು ಮೊಬೈಲಿಗೆ ಎಂಟು ತಲೆ ಬಗ್ಗಿರುತ್ತವೆ. ಅಷ್ಟೇ.

ಆದರೆ ಆ ಟೀ ಅಂಗಡಿಯ ಮಾತು ಬದಲಾಗಿದೆ. ಮೊದಲು "ಯಾರು ಗೆಲ್ತಾರೆ ಮಗಾ?" ಎನ್ನುತ್ತಿದ್ದರು. ಈಗ "ಯಾರ ಮೇಲೆ ಎಷ್ಟು ಕಟ್ದೆ?" ಎನ್ನುತ್ತಾರೆ. ಈ ಎರಡು ಪ್ರಶ್ನೆಗಳ ನಡುವೆ ಎಷ್ಟು ದೂರ ಇದೆ ಎಂಬುದೇ ಈ ಲೇಖನದ ವಿಷಯ. ನಾನು ಕಾಮರ್ಸ್ ವಿದ್ಯಾರ್ಥಿ, ಆದ್ದರಿಂದ ಬುದ್ಧಿವಾದಕ್ಕಿಂತ ಮೊದಲು ಲೆಕ್ಕ ಹೇಳುತ್ತೇನೆ.

ಒಂದೇ ಪದ, ಎರಡು ಅರ್ಥ

ನಮ್ಮ ಮನೆಯ ಮಾತು ಉರ್ದು. ಮನೆಯಲ್ಲಿ ‘ಶರ್ತ್ ಲಗಾನಾ’ ಅಂದರೆ ಬಾಜಿ ಕಟ್ಟುವುದು. ಅದೇ ಪದ ಕನ್ನಡಕ್ಕೆ ಬಂದು ‘ಷರತ್ತು’ ಆಗಿದೆ, ನಾವು ಅದನ್ನು ಕರಾರಿನ ಪಾಠದಲ್ಲಿ ಓದುತ್ತೇವೆ. ‘ಬಾಜಿ’ಯೂ ಹಾಗೆಯೇ. ಉರ್ದುವಿನಲ್ಲಿ ಅದಕ್ಕೆ ಆಟ ಎಂಬ ಅರ್ಥವೂ ಇದೆ, ಕನ್ನಡದಲ್ಲಿ ಪಣ ಎಂಬ ಅರ್ಥವೇ ಉಳಿದಿದೆ. ಕನ್ನಡದ ‘ಪಂದ್ಯ’ವನ್ನು ನೋಡಿ. ಮೈದಾನದಲ್ಲಿ ನಡೆಯುವುದೂ ಪಂದ್ಯ, ‘ಪಂದ್ಯ ಕಟ್ಟಿದ’ ಎಂದರೆ ಜೂಜೂ ಹೌದು. ಆಟ ಮತ್ತು ಪಣ ಬಹಳ ಹಿಂದಿನಿಂದ ಒಟ್ಟಿಗೇ ಓಡಾಡಿವೆ ಎಂದು ಈ ಪದಗಳೇ ಹೇಳುತ್ತವೆ. ಹಾಗಾಗಿ ಬೆಟ್ಟಿಂಗ್ ಎಂಬುದು ಮೊಬೈಲ್ ತಂದ ಹೊಸ ರೋಗ ಎನ್ನುವುದು ಪೂರ್ತಿ ಸರಿಯಲ್ಲ. ಮೊಬೈಲ್ ಅದನ್ನು ಜೇಬಿಗೆ ತಂದಿತು, ದಿನದ 24 ಗಂಟೆಯೂ ತೆರೆದಿಟ್ಟಿತು.

ಬುಕ್ಕಿ ಹೇಗೆ ಸೋಲುವುದಿಲ್ಲ?

ಬಾಜಿ ಕಟ್ಟುವವರು "ನಾನು ಬುಕ್ಕಿಯನ್ನು ಸೋಲಿಸ್ತೀನಿ" ಎಂದುಕೊಳ್ಳುತ್ತಾರೆ. ಆದರೆ ಬುಕ್ಕಿ ಯಾವ ತಂಡದ ಪರವೂ ಇರಬೇಕಾಗಿಲ್ಲ. ಅವನು ಬೆಲೆ ಇಡುವ ವ್ಯಾಪಾರಿ. ಒಂದು ಕಲ್ಪಿತ ಉದಾಹರಣೆ ನೋಡೋಣ.

ಅ ಮತ್ತು ಬ ಎಂಬ ಎರಡು ತಂಡಗಳು ಆಡುತ್ತಿವೆ. ಬುಕ್ಕಿಯ ರೇಟು ಹೀಗಿದೆ:

ಅ ಗೆದ್ದರೆ 2.00 (100 ರೂಪಾಯಿ ಕಟ್ಟಿದವನಿಗೆ ಒಟ್ಟು 200 ರೂಪಾಯಿ ವಾಪಸ್)
ಡ್ರಾ ಆದರೆ 3.20
ಬ ಗೆದ್ದರೆ 4.00

ಪ್ರತಿ ರೇಟಿನ ಒಳಗೆ ಒಂದು ಸಂಭವನೀಯತೆ ಅಡಗಿದೆ. 1ನ್ನು ರೇಟಿನಿಂದ ಭಾಗಿಸಿದರೆ ಅದು ಸಿಗುತ್ತದೆ. 1 ÷ 2.00 = ಶೇ. 50. 1 ÷ 3.20 = ಶೇ. 31.25. 1 ÷ 4.00 = ಶೇ. 25.

ಈಗ ಕೂಡಿಸಿ. 50 + 31.25 + 25 = 106.25.

ಸಂಖ್ಯಾಶಾಸ್ತ್ರದ ಪಾಠದಲ್ಲಿ ನಾವು ಓದಿದ್ದೇವೆ: ಸಾಧ್ಯವಿರುವ ಎಲ್ಲ ಫಲಿತಾಂಶಗಳ ಸಂಭವನೀಯತೆ ಕೂಡಿಸಿದರೆ 100 ಆಗಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಇಲ್ಲಿ 6.25 ಹೆಚ್ಚಾಗಿದೆ. ಆ ಹೆಚ್ಚುವರಿಯೇ ಬುಕ್ಕಿಯ ಅಂಗಡಿ.

ಅವನ ಪುಸ್ತಕ ಬರೆದು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಅ ತಂಡದ ಮೇಲೆ ಜನ ಒಟ್ಟು 5,000 ರೂ., ಡ್ರಾ ಮೇಲೆ 3,125 ರೂ., ಬ ತಂಡದ ಮೇಲೆ 2,500 ರೂ. ಕಟ್ಟಿದರು ಎಂದುಕೊಳ್ಳಿ. ಜಮಾ ಒಟ್ಟು 10,625 ರೂ.

ಅ ಗೆದ್ದರೆ ಖರ್ಚು: 5,000 × 2.00 = 10,000 ರೂ.
ಡ್ರಾ ಆದರೆ ಖರ್ಚು: 3,125 × 3.20 = 10,000 ರೂ.
ಬ ಗೆದ್ದರೆ ಖರ್ಚು: 2,500 × 4.00 = 10,000 ರೂ.

ಯಾರೇ ಗೆಲ್ಲಲಿ, ಬುಕ್ಕಿಗೆ 625 ರೂ. ಉಳಿಯುತ್ತದೆ. ಅವನು ಪಂದ್ಯ ನೋಡದೆ ಮಲಗಿದರೂ ಉಳಿಯುತ್ತದೆ. ಜನ ಒಂದೇ ತಂಡದ ಕಡೆ ವಾಲಿದರೆ ಪುಸ್ತಕ ಓರೆಯಾಗುತ್ತದೆ. ಆಗ ಅವನು ರೇಟು ಬದಲಿಸಿ ಮತ್ತೆ ಸಮ ಮಾಡಿಕೊಳ್ಳುತ್ತಾನೆ.

ಕಟ್ಟುವವರ ಕಡೆಯಿಂದ ನೋಡಿದರೆ, ಪ್ರತಿ 100 ರೂಪಾಯಿಯಲ್ಲಿ ಸುಮಾರು 94 ರೂಪಾಯಿ ಮಾತ್ರ ಒಟ್ಟಾರೆ ಜನರಿಗೆ ಮರಳುತ್ತದೆ. "ಆರು ರೂಪಾಯಿ ತಾನೇ" ಅನ್ನಿಸಬಹುದು. ಆದರೆ ಬಾಜಿ ಕಟ್ಟುವವನು ಒಂದು ಸಲಕ್ಕೆ ನಿಲ್ಲಿಸುವುದಿಲ್ಲ, ಬಂದದ್ದನ್ನು ಮತ್ತೆ ಹಾಕುತ್ತಾನೆ. 1,000 ರೂಪಾಯಿಯನ್ನು ಹೀಗೆ ಹತ್ತು ಸಲ ತಿರುಗಿಸಿದರೆ ಸರಾಸರಿಯಲ್ಲಿ ಉಳಿಯುವುದು ಸುಮಾರು 545 ರೂಪಾಯಿ. ಈ ಕಪ್‌ನಲ್ಲಿ 104 ಪಂದ್ಯಗಳಿವೆ ಎಂಬುದನ್ನು ನೆನಪಿಡಿ. ಚಕ್ರಬಡ್ಡಿಯ ಲೆಕ್ಕವನ್ನು ನಾವು ಶಾಲೆಯಲ್ಲೇ ಕಲಿತಿದ್ದೇವೆ. ಇದು ಅದೇ ಚಕ್ರಬಡ್ಡಿ, ತಲೆಕೆಳಗಾಗಿ.

ಪ್ರೀತಿಗೆ ಬುಕ್ಕಿ ಇಡುವ ಬೆಲೆ

ಇಲ್ಲಿ ಅಭಿಮಾನಿಗೆ ಇನ್ನೊಂದು ನಷ್ಟ ಇದೆ. ಅ ತಂಡಕ್ಕೆ ಅಭಿಮಾನಿಗಳು ಬಹಳ ಎಂದುಕೊಳ್ಳಿ. ಅವರು ಬೇರೆ ತಂಡದ ಮೇಲೆ ಕಟ್ಟುವುದಿಲ್ಲ, ಕಟ್ಟಲು ಮನಸ್ಸು ಬರುವುದಿಲ್ಲ. ಬುಕ್ಕಿಗೆ ಇದು ಗೊತ್ತು. ಅವನು 2.00 ಇದ್ದ ರೇಟನ್ನು 1.80ಕ್ಕೆ ಇಳಿಸುತ್ತಾನೆ. ಗೆದ್ದವನ ಲಾಭ 100ರಿಂದ 80ಕ್ಕೆ ಇಳಿಯಿತು. ತಂಡದ ಶಕ್ತಿಯಲ್ಲಿ ಏನೂ ಬದಲಾಗಿಲ್ಲ, ಅಭಿಮಾನಿಯ ಪ್ರೀತಿಗೆ 20 ರೂಪಾಯಿ ಕಡಿತವಾಯಿತು. ಬೇಡಿಕೆ ಹೆಚ್ಚಾದಾಗ ಬೆಲೆ ಏರುತ್ತದೆ ಎಂದು ಅರ್ಥಶಾಸ್ತ್ರದಲ್ಲಿ ಓದುತ್ತೇವಲ್ಲ, ಅದು ಇದೇ.

2022ರ ನವೆಂಬರ್ 22ನ್ನು ನೆನಪಿಸಿಕೊಳ್ಳಿ. ನಮ್ಮಲ್ಲಿ ಮಧ್ಯಾಹ್ನ ಮೂರೂವರೆ. 36 ಪಂದ್ಯಗಳಿಂದ ಸೋಲದಿದ್ದ ಅರ್ಜೆಂಟೀನಾ, ಸೌದಿ ಅರೇಬಿಯಾ ಎದುರು ಆಡುತ್ತಿತ್ತು. 10ನೇ ನಿಮಿಷದಲ್ಲಿ ಮೆಸ್ಸಿ ಪೆನಾಲ್ಟಿಯಲ್ಲಿ ಗೋಲು ಹೊಡೆದರು. ವಿರಾಮದ ನಂತರ ಸಾಲೆಹ್ ಅಲ್‌ಶೆಹ್ರಿ ಮತ್ತು ಸಾಲೆಮ್ ಅಲ್‌ದವ್ಸಾರಿ ಒಂದೊಂದು ಗೋಲು ಹೊಡೆದರು. ಸೌದಿ 2–1ರಲ್ಲಿ ಗೆದ್ದಿತು, ಮರುದಿನ ಆ ದೇಶಕ್ಕೆ ರಜೆ ಘೋಷಿಸಿದರು.

ಆ ದಿನ ಅರ್ಜೆಂಟೀನಾದ ಇಬ್ಬರು ಅಭಿಮಾನಿಗಳನ್ನು ಊಹಿಸಿಕೊಳ್ಳಿ. ಒಬ್ಬ ಬರೀ ಅಭಿಮಾನಿ. ಅವನು ಅತ್ತ, ಊಟ ಬಿಟ್ಟ, ಗೆಳೆಯರಿಂದ ಮಾತು ಕೇಳಿಸಿಕೊಂಡ. ಡಿಸೆಂಬರ್ 18ರಂದು ಅರ್ಜೆಂಟೀನಾ ಫ್ರಾನ್ಸ್ ವಿರುದ್ಧ 3–3 ಸಮ ಮಾಡಿ, ಪೆನಾಲ್ಟಿಯಲ್ಲಿ 4–2ರಿಂದ ಕಪ್ ಎತ್ತಿದಾಗ ಅವನಿಗೆ ಎಲ್ಲವೂ ಮರಳಿತು, ಮೊದಲ ದಿನದ ಸೋಲು ಕತೆಯ ಸೊಗಸಾಯಿತು. ಇನ್ನೊಬ್ಬ ದುಡ್ಡು ಕಟ್ಟಿದವ. ಅವನ ಖಾತೆ ನವೆಂಬರ್ 22ರ ಸಂಜೆಯೇ ಮುಚ್ಚಿಹೋಯಿತು. ಡಿಸೆಂಬರ್‌ನ ಕಪ್ ಆ ದುಡ್ಡನ್ನು ತರಲಿಲ್ಲ. ಅಭಿಮಾನಿಯ ಬಾಕಿ ಮುಂದಿನ ಪಂದ್ಯಕ್ಕೆ ವರ್ಗವಾಗುತ್ತದೆ, ಬಾಜಿ ಕಟ್ಟಿದವನಿಗೆ ಆ ಅನುಕೂಲ ಇಲ್ಲ.

ಅದಕ್ಕೇ ಅವನು ಇನ್ನೊಂದು ಪಂದ್ಯಕ್ಕೆ ಕಟ್ಟುತ್ತಾನೆ, ಹೋದದ್ದನ್ನು ಹಿಡಿಯಲು. ಮಹಾಭಾರತದ ಧರ್ಮರಾಯ ಒಂದೇ ದಾಳಕ್ಕೆ ರಾಜ್ಯ ಕಳೆದುಕೊಳ್ಳಲಿಲ್ಲ. ಒಂದಾದ ಮೇಲೊಂದು ಇಡುತ್ತಾ ಹೋದ. ಖುರ್‌ಆನ್ ಜೂಜನ್ನು ‘ಮೈಸಿರ್’ ಎಂದು ಕರೆಯುತ್ತದೆ. ಸುಲಭವಾಗಿ ಬರುವುದು ಎಂಬ ಅರ್ಥದ ಮೂಲದಿಂದ ಆ ಪದ ಬಂದಿದೆ ಎಂದು ವಿವರಿಸುತ್ತಾರೆ. ಅಲ್‌ಬಕರಾ ಅಧ್ಯಾಯದ 219ನೇ ವಚನ ಅದರಲ್ಲಿ ಕೆಲವರಿಗೆ ಲಾಭವೂ ಇದೆ ಎಂಬುದನ್ನು ಅಲ್ಲಗಳೆಯುವುದಿಲ್ಲ, ಕೆಡುಕು ಆ ಲಾಭಕ್ಕಿಂತ ದೊಡ್ಡದು ಎನ್ನುತ್ತದೆ. ಮೇಲಿನ 10,625 ರೂಪಾಯಿಯ ಲೆಕ್ಕ ಹೇಳುವುದೂ ಅದನ್ನೇ: ಯಾರೋ ಗೆಲ್ಲುತ್ತಾರೆ, ಒಟ್ಟಿನಲ್ಲಿ ಎಲ್ಲರೂ ಸೇರಿ ಸೋಲುತ್ತಾರೆ.

ಕಾನೂನು ಏನನ್ನುತ್ತದೆ?

ಭಾರತೀಯ ಕರಾರು ಕಾಯ್ದೆ 1872ರ ಕಲಂ 30ರ ಪ್ರಕಾರ ಪಣದ ಕರಾರು ಶೂನ್ಯ. ಅಂದರೆ ಗೆದ್ದ ಹಣವನ್ನು ಕೊಡದಿದ್ದರೆ ಯಾವ ಕೋರ್ಟಿಗೂ ಹೋಗಿ ಕೇಳುವಂತಿಲ್ಲ. ಅದೇ ಕಾಯ್ದೆಯ ಕಲಂ 11ರ ಪ್ರಕಾರ 18 ತುಂಬದವರಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯೇ ಇಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ 16, 17 ವಯಸ್ಸು. ನಮ್ಮ ಬಾಜಿ ಎರಡು ಸಲ ಶೂನ್ಯ.

ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದಾಟವನ್ನು ನಿಷೇಧಿಸಿತ್ತು. ಕೌಶಲದ ಆಟ ಮತ್ತು ಅದೃಷ್ಟದ ಆಟದ ವ್ಯತ್ಯಾಸದ ಮೇಲೆ ವಾದ ನಡೆದು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಇದರಲ್ಲಿ ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯೇ ಇಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂ.ವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ ರೂ.ವರೆಗೆ. ಬರೀ ಆಡಿದವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ. ದೊಡ್ಡ ಆ್ಯಪ್‌ಗಳು ಅದೇ ತಿಂಗಳು ಹಣದ ಆಟ ನಿಲ್ಲಿಸಿದವು. ಆದರೆ ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಬರುವ ಲಿಂಕ್‌ಗಳು ನಿಂತಿಲ್ಲ.

ಅಕೌಂಟ್ ಬಾಡಿಗೆ: ಇದನ್ನು ಖಂಡಿತ ಓದಿ

ಅಕ್ರಮ ಬೆಟ್ಟಿಂಗ್ ನಡೆಸುವವರಿಗೆ ದುಡ್ಡು ಪಡೆಯಲು ತಮ್ಮ ಹೆಸರಿನಲ್ಲಿ ಇಲ್ಲದ ಬ್ಯಾಂಕ್ ಖಾತೆಗಳು ಬೇಕು. ಅದಕ್ಕೆ ಅವರು ವಿದ್ಯಾರ್ಥಿಗಳನ್ನು ಹುಡುಕುತ್ತಾರೆ. "ನಿನ್ನ ಅಕೌಂಟ್, ಎಟಿಎಂ ಕಾರ್ಡ್, ಸಿಮ್ ಕೊಟ್ಟಿರು, ನೀನೇನೂ ಮಾಡಬೇಡ, ತಿಂಗಳಿಗೆ ಇಷ್ಟು ಕೊಡ್ತೀವಿ" ಎನ್ನುತ್ತಾರೆ.

ನಮ್ಮ ಬೀದಿಯ ಡಿಗ್ರಿ ಓದುವ ಅಣ್ಣ ಒಬ್ಬರು ಪರಿಚಯದವನೊಬ್ಬನ ಮಾತಿಗೆ ಹೀಗೆ ಕೊಟ್ಟಿದ್ದರು. ಅವರು ಒಂದು ಬಾಜಿಯನ್ನೂ ಕಟ್ಟಿದವರಲ್ಲ, ಫುಟ್‌ಬಾಲ್ ಕೂಡ ನೋಡುವವರಲ್ಲ. ಒಂದು ದಿನ ಖಾತೆ ಸ್ಥಗಿತವಾಯಿತು. ಬೇರೆ ರಾಜ್ಯದ ಪೊಲೀಸರ ದೂರಿನಲ್ಲಿ ಆ ಖಾತೆಯ ನಂಬರ್ ಇತ್ತು. ಅವರ ಸ್ಕಾಲರ್‌ಶಿಪ್ ಹಣ ಬರುತ್ತಿದ್ದದ್ದೂ ಅದೇ ಖಾತೆಗೆ. ಕಾಲೇಜಿನ ಫೀ ಕಟ್ಟಲು ಅವರ ಅಮ್ಮಿ ಬಳೆ ಅಡವಿಟ್ಟರು. ಬಾಡಿಗೆ ಕೊಡುತ್ತೇನೆ ಎಂದವನ ಫೋನ್ ಈಗ ಸ್ವಿಚ್ ಆಫ್.

ಖಾತೆ ಯಾರ ಹೆಸರಿನಲ್ಲಿದೆಯೋ ಉತ್ತರ ಕೊಡಬೇಕಾದವರು ಅವರೇ. ಗೆಳೆಯನೇ ಕೇಳಿದರೂ ಕೊಡಬೇಡಿ.

ನೀವು ಕೇಳಬಹುದಾದ ಮೂರು ಪ್ರಶ್ನೆಗಳು

"ಟೀ, ಬಿರಿಯಾನಿ ಬಾಜಿ ಕೂಡ ತಪ್ಪಾ?" ಸೋತವನು ಕೊಡಬೇಕು, ಗೆದ್ದವನು ಪಡೆಯಬೇಕು ಎಂಬ ಷರತ್ತು ಇದ್ದರೆ ಅದರ ಸ್ವರೂಪ ಬಾಜಿಯೇ, ಮೊತ್ತ ಮಾತ್ರ ಚಿಕ್ಕದು. ಪ್ರೀತಿಯಿಂದ ಟೀ ಕುಡಿಸಲು ಅರ್ಜೆಂಟೀನಾ ಸೋಲುವವರೆಗೆ ಕಾಯಬೇಕಾಗಿಲ್ಲ.

"ಹಾಗಾದರೆ ವಿಮೆಯೂ ಜೂಜಲ್ಲವೇ?" ಅಲ್ಲ. ಅಂಗಡಿಗೆ ಬೆಂಕಿ ಬಿದ್ದರೆ ಅಂಗಡಿಯವನಿಗೆ ನಿಜವಾಗಿ ನಷ್ಟ ಇದೆ, ವಿಮೆ ಆ ನಷ್ಟವನ್ನು ತುಂಬುತ್ತದೆ. ಇದನ್ನೇ ವಿಮಾ ಹಿತಾಸಕ್ತಿ ಎಂದು ಓದುತ್ತೇವೆ. ಬ್ರೆಜಿಲ್ ಸೋತರೆ ಚಾಮರಾಜಪುರಂನ ನನಗೆ ಒಂದು ರೂಪಾಯಿ ನಷ್ಟವಿಲ್ಲ. ಬಾಜಿ ಕಟ್ಟಿದಾಗ ಮಾತ್ರ ಇಲ್ಲದ ಅಪಾಯವನ್ನು ನಾನೇ ಸೃಷ್ಟಿಸಿಕೊಳ್ಳುತ್ತೇನೆ.

"ನನಗೆ ಆಟ ಚೆನ್ನಾಗಿ ಗೊತ್ತು, ನಾನು ಗೆಲ್ಲುವುದಿಲ್ಲವೇ?" ಮೈದಾನದ ಒಳಗಿನ ಎಲ್ಲವೂ ನಿಮಗೆ ಗೊತ್ತಿರಲು ಸಾಧ್ಯವಿಲ್ಲ. 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನ ಫೈನಲ್ ನಮ್ಮ ಮೈಸೂರಿನಲ್ಲೇ ನಡೆಯಿತು. ಕೆಲವೇ ತಿಂಗಳಲ್ಲಿ ಆ ಲೀಗ್‌ನ ಫಿಕ್ಸಿಂಗ್ ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನೂ ಬಂಧಿಸಿದರು. ಬಾಜಿಯ ಹಣ ಬಂದಲ್ಲಿ ಆಟದ ಮೇಲೇ ಅನುಮಾನ ಬರುತ್ತದೆ. ಆಗ ನೋಡುವವನಿಗೆ ಉಳಿಯುವುದೇನು?

ನಾವು ಮಾಡಬಹುದಾದದ್ದು

1. ನಮ್ಮ ಕಾಲೇಜಿನಲ್ಲಿ ಫಲಿತಾಂಶ ಊಹಿಸುವ ಸ್ಪರ್ಧೆ ಇಡೋಣ. ಪ್ರವೇಶ ಶುಲ್ಕ ಬೇಡ, ಅಂಕ ಮಾತ್ರ. ಪ್ರತಿ ಪಂದ್ಯಕ್ಕೆ ಕಾರಣ ಸಹಿತ ಒಂದು ವಾಕ್ಯ ಬರೆಯಬೇಕು. ಕೊನೆಗೆ ಕಾಲೇಜು ಒಂದು ಚೆಂಡನ್ನು ಬಹುಮಾನ ಕೊಟ್ಟರೆ ಸಾಕು. ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ.

2. ಗೆಳೆಯರ ಗ್ರೂಪಿನಲ್ಲಿ ಬೆಟ್ಟಿಂಗ್ ಲಿಂಕ್ ಬಂದರೆ ಒತ್ತಬೇಡಿ, ಮುಂದಕ್ಕೂ ಕಳಿಸಬೇಡಿ.

3. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

4. ಗೆಳೆಯನೊಬ್ಬ ಸಾಲ ಕೇಳುತ್ತಾ, ನಿದ್ದೆಗೆಟ್ಟು, ಯಾರ ಜೊತೆಯೂ ಮಾತಾಡದೆ ಇದ್ದರೆ ಅವನನ್ನು ಗೇಲಿ ಮಾಡಬೇಡಿ. ಪಕ್ಕದಲ್ಲಿ ಕೂತು ಕೇಳಿ. ಮನೆಯವರಿಗೆ ಅಥವಾ ನಂಬುವ ಲೆಕ್ಚರರ್‌ಗೆ ಹೇಳಲು ಜೊತೆಯಲ್ಲಿ ಹೋಗಿ. ಟೆಲಿಮಾನಸ್ ಸಹಾಯವಾಣಿ 14416 ಉಚಿತ. ಸಾಲದ ಮೊತ್ತ ಎಷ್ಟೇ ಇರಲಿ, ಅದನ್ನು ಮನೆಯಲ್ಲಿ ಹೇಳಿದ ದಿನದಿಂದ ಅದು ಬೆಳೆಯುವುದು ನಿಲ್ಲುತ್ತದೆ.

2022ರಲ್ಲಿ ಮೊರಾಕೊ ಸೆಮಿಫೈನಲ್‌ಗೆ ಬಂದ ಮೊದಲ ಆಫ್ರಿಕನ್ ತಂಡವಾಯಿತು. ಆ ತಂಡವನ್ನು ಜಗತ್ತಿನ ಎಷ್ಟೋ ಜನ ಒಂದು ಪೈಸೆ ಲಾಭವಿಲ್ಲದೆ ಪ್ರೀತಿಸಿದರು. ಈ ಸಲವೂ ಅಂಥದ್ದೊಂದು ತಂಡ ಬರಬಹುದು. ಬಂದಾಗ ರೇಟು ನೋಡದೆ ಆಟವನ್ನೇ ನೋಡೋಣ.