ಸ್ನಾಯುಶಕ್ತಿಯ ವ್ಯಯ: ಸ್ತ್ರೀ-ಪುರುಷರಲ್ಲಿನ ಅಂತರ

ದಂಪತಿಗಳಿಬ್ಬರು ಬೆಟ್ಟದ ಮೆಟ್ಟಿಲುಗಳನ್ನು ಏರತೊಡಗುತ್ತಾರೆ. ಪತಿ ಮೊದಲ ನೂರು ಮೆಟ್ಟಿಲುಗಳನ್ನು ವೇಗವಾಗಿ ಏರಿ, ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕುಳಿತುಬಿಡುತ್ತಾರೆ. ಪತ್ನಿ ಒಂದೇ ಗತಿಯಲ್ಲಿ ಬಂದು, ಅವರನ್ನು ದಾಟಿ ಮುಂದೆ ಸಾಗುತ್ತಾರೆ. ಇಂತಹ ದೃಶ್ಯವನ್ನು ಅನೇಕರು ಕಂಡಿರಬಹುದು. ಇದಕ್ಕೆ ಅವರವರ ಸ್ವಭಾವ ಮತ್ತು ಅಭ್ಯಾಸಗಳು ಕಾರಣವೆಂದು ನಾವು ಸುಮ್ಮನಾಗುತ್ತೇವೆ. ಅವೂ ಕಾರಣಗಳೇ ಸರಿ. ಆದರೆ ಸ್ನಾಯುಗಳೊಳಗೆ ಶಕ್ತಿಯು ವ್ಯಯವಾಗುವ ರೀತಿಯಲ್ಲಿಯೂ ಸ್ತ್ರೀ-ಪುರುಷರ ನಡುವೆ ಕೆಲವು ಅಂತರಗಳಿವೆಯೆಂದು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ಹೆಣ್ಣುಮಕ್ಕಳನ್ನು ‘ಅಬಲೆ’ಯರೆಂದು ಕರೆದು ವ್ಯಾಯಾಮದಿಂದ ದೂರವಿಟ್ಟಿರುವ ಮನೆಗಳಲ್ಲಿ ಈ ವಿಷಯವನ್ನು ಅರಿಯುವುದು ಅವಶ್ಯಕವಾಗಿದೆ.

ಶಕ್ತಿಯ ಮೂಲಗಳು

ಸ್ನಾಯು ಸಂಕುಚಿಸಲು ಬಳಸುವ ನೇರ ಇಂಧನ ಎಟಿಪಿ ಎಂಬ ಸಂಯುಕ್ತ. ಇದು ಕೈಯಲ್ಲಿರುವ ಚಿಲ್ಲರೆ ಹಣದಂತೆ. ತೀವ್ರ ಶ್ರಮದಲ್ಲಿ ಕೆಲವೇ ಕ್ಷಣಗಳಿಗೆ ಸಾಕಾಗುವಷ್ಟು ಮಾತ್ರ ಸಂಗ್ರಹವಿರುತ್ತದೆ. ಅದು ಕರಗಿದಂತೆಲ್ಲ ಫಾಸ್ಫೋಕ್ರಿಯಾಟಿನ್ ಎಂಬ ಇನ್ನೊಂದು ಸಂಯುಕ್ತವು ತಕ್ಷಣ ಅದನ್ನು ತುಂಬಿಕೊಡುತ್ತದೆ. ಇದು ಸೊಂಟದ ಸಂಚಿಯಲ್ಲಿರುವ ಹಣ. ಸ್ನಾಯುವಿನಲ್ಲಿ ಗ್ಲೈಕೋಜನ್ ರೂಪದಲ್ಲಿರುವ ಸಕ್ಕರೆಯ ದಾಸ್ತಾನು ಮನೆಯೊಳಗಿನ ಕಣಜವಿದ್ದಂತೆ. ಆಮ್ಲಜನಕ ಸಾಲದಿದ್ದರೂ ಅದನ್ನು ವೇಗವಾಗಿ ಒಡೆದು ಬಳಸಬಹುದು. ಆದರೆ ಆಗ ಸ್ನಾಯುವಿನಲ್ಲಿ ಆಮ್ಲತೆ ಏರುತ್ತದೆ. ಕೊಬ್ಬು ನೆಲದೊಳಗಿನ ಹಗೇವಿನಂತೆ ಅಪಾರ. ಆದರೆ ಅದನ್ನು ಬಳಸಲು ಆಮ್ಲಜನಕ ಬೇಕು, ಸಮಯವೂ ಬೇಕು.

ಸೂಜಿಯಿಲ್ಲದ ಅಳತೆ

ಹಿಂದೆ ಈ ವ್ಯವಹಾರವನ್ನು ತಿಳಿಯಲು ಸ್ನಾಯುವಿನ ಚೂರೊಂದನ್ನು ದಪ್ಪ ಸೂಜಿಯಿಂದ ತೆಗೆಯಬೇಕಾಗಿತ್ತು. ಸ್ವೀಡನ್ನಿನ ವೈದ್ಯ ಯೋನಾಸ್ ಬರ್ಗ್‌ಸ್ಟ್ರಾಮ್ 1962ರಲ್ಲಿ ಈ ವಿಧಾನಕ್ಕೆ ಹೊಸ ಚಾಲನೆ ನೀಡಿದರು. ಆದರೆ ವ್ಯಾಯಾಮ ನಡೆಯುತ್ತಿರುವಾಗಲೇ ಕ್ಷಣಕ್ಷಣಕ್ಕೂ ಹೀಗೆ ಚೂರು ತೆಗೆಯುವುದು ಸಾಧ್ಯವಿಲ್ಲ.

1974ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಇಲಿಯ ಕಾಲಿನ ಸ್ನಾಯುವನ್ನು ಬಲವಾದ ಅಯಸ್ಕಾಂತದೊಳಗಿರಿಸಿ, ಅದರಲ್ಲಿನ ರಂಜಕದ ಸಂಯುಕ್ತಗಳನ್ನು ಗುರುತಿಸಿದರು. ಎಟಿಪಿ, ಫಾಸ್ಫೋಕ್ರಿಯಾಟಿನ್ ಎರಡರಲ್ಲಿಯೂ ರಂಜಕವಿದೆ. ರೇಡಿಯೋ ತರಂಗಗಳಿಗೆ ಇವು ಬೇರೆ ಬೇರೆ ಸಂಕೇತಗಳನ್ನು ಮರಳಿಸುತ್ತವೆ. ಸಂಕೇತಗಳ ಪ್ರಮಾಣದಿಂದ ಯಾವುದು ಎಷ್ಟಿದೆಯೆಂದೂ, ಒಂದು ಸಂಕೇತದ ಸ್ಥಾನಪಲ್ಲಟದಿಂದ ಆಮ್ಲತೆ ಎಷ್ಟೆಂದೂ ತಿಳಿಯುತ್ತದೆ. ಮುಂದೆ ಇದೇ ವಿಧಾನವನ್ನು ಮನುಷ್ಯರ ಕೈಕಾಲುಗಳಿಗೂ ಅನ್ವಯಿಸಲಾಯಿತು. ಇದರಲ್ಲಿ ಎಕ್ಸ್-ರೇ ಇಲ್ಲ, ಗಾಯವಿಲ್ಲ. ಇದು ಮುಖ್ಯವಾಗಿ ಸಂಶೋಧನೆಯ ಸಾಧನವೇ ಹೊರತು, ಎಲ್ಲರೂ ಮಾಡಿಸಿಕೊಳ್ಳಬೇಕಾದ ಪರೀಕ್ಷೆಯಲ್ಲ.

ಕಂಡುಬಂದ ಅಂತರಗಳು

ಅಮೆರಿಕದ ಸಂಶೋಧಕಿ ಜೇನ್ ಕೆಂಟ್-ಬ್ರಾನ್ ಮತ್ತು ಸಂಗಡಿಗರು ಪಾದವನ್ನು ಮೇಲಕ್ಕೆತ್ತುವ ಮೊಣಕಾಲಿನ ಕೆಳಗಿನ ಸ್ನಾಯುವನ್ನು ಈ ರೀತಿ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಅಲ್ಪಕಾಲದ ತೀವ್ರ ಬಿಗಿತದ ವೇಳೆ ಸಕ್ಕರೆಯನ್ನು ಒಡೆದು ಎಟಿಪಿ ಪಡೆಯುವ ವೇಗವು ಸ್ತ್ರೀಯರಲ್ಲಿ ಪುರುಷರಿಗಿಂತ ಕಡಿಮೆಯಿತ್ತು. ಅಂದರೆ ಕಣಜವನ್ನು ಅವರು ಅಷ್ಟು ಬೇಗ ಬರಿದುಮಾಡುವುದಿಲ್ಲ.

ಇದಕ್ಕೂ ಮುನ್ನ, 2003ರಲ್ಲಿ, ಆಯಾಸವನ್ನು ಕುರಿತ ಇನ್ನೊಂದು ಪ್ರಯೋಗವು ಅದೇ ತಂಡದಿಂದ ಪ್ರಕಟವಾಗಿತ್ತು. ಸ್ನಾಯುವನ್ನು ಬಿಗಿಮಾಡುವುದು, ಸಡಿಲಿಸುವುದು ಎಂಬ ಕ್ರಮದಲ್ಲಿ ಶ್ರಮಿಸಿದಾಗ ಸ್ತ್ರೀಯರು ಕಡಿಮೆ ದಣಿದರು. ಆದರೆ ಪಟ್ಟಿ ಬಿಗಿದು ರಕ್ತಸಂಚಾರವನ್ನು ತಡೆದಾಗ ಈ ಅಂತರವೇ ಅಳಿಸಿಹೋಯಿತು. ಆದಕಾರಣ, ಸ್ತ್ರೀಯರ ತಾಳಿಕೆಯ ಗುಟ್ಟಿನಲ್ಲಿ ರಕ್ತವು ತರುವ ಆಮ್ಲಜನಕಕ್ಕೆ ಮುಖ್ಯ ಪಾತ್ರವಿದೆಯೆಂದು ತೋರುತ್ತದೆ.

ದೀರ್ಘಕಾಲದ ಶ್ರಮದಲ್ಲಿಯೂ ಇದಕ್ಕೆ ಹೊಂದುವ ಚಿತ್ರವೇ ದೊರೆತಿದೆ. ಕೆನಡಾದ ಮಾರ್ಕ್ ಟಾರ್ನೊಪೋಲ್ಸ್ಕಿ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾನ ತರಬೇತಿಯುಳ್ಳವರು 15.5 ಕಿಲೋಮೀಟರ್ ಓಡಿದಾಗ ಸ್ತ್ರೀಯರು ಕೊಬ್ಬನ್ನು ಹೆಚ್ಚಾಗಿಯೂ ಗ್ಲೈಕೋಜನ್ನನ್ನು ಕಡಿಮೆಯಾಗಿಯೂ ಬಳಸಿದ್ದು ಕಂಡುಬಂದಿತು.

ತಪ್ಪು ತಿಳಿವಳಿಕೆ ಬೇಡ

ಇವು ಸಣ್ಣ ಗುಂಪುಗಳಲ್ಲಿ ಕಂಡ ಸರಾಸರಿ ಅಂತರಗಳು. ಪುರುಷರ ದೇಹದಲ್ಲಿ ಸಾಮಾನ್ಯವಾಗಿ ಸ್ನಾಯುಗಳ ಗಾತ್ರ ಹೆಚ್ಚಿರುವುದರಿಂದ ಒಮ್ಮೆಲೆ ಭಾರವೆತ್ತುವಲ್ಲಿ ಅವರದೇ ಮೇಲುಗೈ. ಅಭ್ಯಾಸವುಳ್ಳ ಮಹಿಳೆಯು ಕುಳಿತೇ ದಿನ ಕಳೆಯುವ ಪುರುಷನಿಗಿಂತ ಬಹಳ ಮುಂದಿರಬಲ್ಲಳು. ವ್ಯಾಯಾಮದ ವೇಳೆ ಕೊಬ್ಬನ್ನು ಹೆಚ್ಚು ಬಳಸಿದ ಮಾತ್ರಕ್ಕೆ ತೂಕ ತಾನಾಗಿ ಇಳಿಯುವುದೂ ಇಲ್ಲ. ತೂಕವು ಒಟ್ಟು ಆಹಾರ ಮತ್ತು ಒಟ್ಟು ಶ್ರಮವನ್ನು ಅವಲಂಬಿಸಿದೆ.

ಆಚರಣೆಯಲ್ಲಿ

ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ, ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ: ವಿಶ್ವ ಆರೋಗ್ಯ ಸಂಸ್ಥೆಯ ಈ ಸಲಹೆ ವಯಸ್ಕ ಸ್ತ್ರೀ-ಪುರುಷರಿಬ್ಬರಿಗೂ ಒಂದೇ ಆಗಿದೆ. ಮಹಿಳೆಯರು ನಡಿಗೆಯಷ್ಟಕ್ಕೇ ತೃಪ್ತರಾಗದೆ, ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವುದು, ಗೋಡೆಗೆ ಕೈಯೂರಿ ದೇಹವನ್ನು ತಳ್ಳುವುದು, ಹಗುರವಾದ ಭಾರವನ್ನೆತ್ತುವುದು ಮುಂತಾದವನ್ನು ರೂಢಿಸಿಕೊಳ್ಳಬೇಕು. ಮುಟ್ಟು ನಿಂತ ಬಳಿಕ ಸ್ನಾಯು ಮತ್ತು ಮೂಳೆಗಳೆರಡೂ ಕ್ಷೀಣಿಸುವುದರಿಂದ ಇದು ಮತ್ತಷ್ಟು ಅಗತ್ಯ. ಪುರುಷರು ಆರಂಭದ ಆವೇಶವನ್ನು ಬಿಟ್ಟು, ಮಾತನಾಡುತ್ತಲೇ ಸಾಗಬಹುದಾದ ಗತಿಯಲ್ಲಿ ತೊಡಗುವುದು ಲೇಸು. ಎದೆನೋವು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು.

ಮುಂದೆ ಬೆಟ್ಟವೇರುವಾಗ ಹಿಂದುಳಿದಂತೆ ಕಾಣುವವರನ್ನು ‘ಬೇಗ ಬಾ’ ಎಂದು ಅವಸರಪಡಿಸದಿರೋಣ. ಅವರವರ ದೇಹ ಅವರವರ ಲೆಕ್ಕದಲ್ಲಿ ಶಕ್ತಿಯನ್ನು ವ್ಯಯಿಸುತ್ತಿರುತ್ತದೆ.