ಬರಲಿರುವ ಸಿನಿಮಾಗೆ ಕಾಯೋದು ಹೇಗೆ? ಉಪೇಂದ್ರ ನಿರ್ದೇಶನ ಮತ್ತು ನಮ್ಮ ನಿರೀಕ್ಷೆ

ಹೆಸರಾಂತ ನಿರ್ದೇಶಕರ ಹೊಸ ಸಿನಿಮಾ ಘೋಷಣೆ ಆದ ದಿನದಿಂದಲೇ ಪ್ರೇಕ್ಷಕ ತನ್ನ ತಲೆಯೊಳಗೆ ತನ್ನದೇ ಒಂದು ಸಿನಿಮಾ ತೆಗೆಯೋಕೆ ಶುರು ಮಾಡ್ತಾನೆ. ಬಿಡುಗಡೆ ದಿನ ತೆರೆ ಮೇಲೆ ಬರೋದು ಮಾತ್ರ ನಿರ್ದೇಶಕರು ತೆಗೆದ ಸಿನಿಮಾ. ಇವೆರಡೂ ಎದುರುಬದುರಾದಾಗ ಏನಾಗುತ್ತೆ ಅನ್ನೋದೇ ಈ ಪಾಠದ ವಿಷಯ. ಉದಾಹರಣೆಗೆ ಉಪೇಂದ್ರ ಅವರ ನಿರ್ದೇಶನವನ್ನು ಆರಿಸಿಕೊಂಡಿದ್ದೇವೆ. ಪ್ರೇಕ್ಷಕರನ್ನು ವರ್ಷಗಟ್ಟಲೆ ಕಾಯಿಸಿ, ಆ ಕಾಯುವಿಕೆಯನ್ನೇ ಕಥಾವಸ್ತು ಮಾಡಿಕೊಂಡವರು ಕನ್ನಡದಲ್ಲಿ ಅಪರೂಪ.

೧. ನಿರೀಕ್ಷೆಯ ದಿಗಂತ

ಜರ್ಮನಿಯ ಸಾಹಿತ್ಯ ಚಿಂತಕ ಹಾನ್ಸ್ ರಾಬರ್ಟ್ ಯಾಸ್ 1967ರಲ್ಲಿ ಕಾನ್‌ಸ್ಟಾನ್ಜ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸದಲ್ಲಿ ಒಂದು ಮುಖ್ಯ ಮಾತು ಮುಂದಿಟ್ಟರು. ಯಾವ ಓದುಗನೂ ಖಾಲಿ ಮನಸ್ಸಿನಿಂದ ಪುಸ್ತಕ ತೆರೆಯಲ್ಲ. ಹಿಂದೆ ಓದಿದ್ದು, ಆ ಪ್ರಕಾರದ ರೂಢಿ, ತನ್ನ ಬದುಕಿನ ಅನುಭವ ಎಲ್ಲಾ ಸೇರಿ ಅವನ ಮುಂದೆ ಒಂದು ‘ನಿರೀಕ್ಷೆಯ ದಿಗಂತ’ ಇರುತ್ತೆ. ಹೊಸ ಕೃತಿ ಆ ದಿಗಂತದ ಒಳಗೇ ಇದ್ದರೆ ಸುಲಭವಾಗಿ ರುಚಿಸುತ್ತೆ. ಆಚೆಗೆ ಹೋದರೆ ಮೊದಲು ಗೊಂದಲ ಅಥವಾ ಸಿಟ್ಟು ಹುಟ್ಟಬಹುದು, ಆಮೇಲೆ ದಿಗಂತವೇ ಬದಲಾಗಬಹುದು.

ಯಾಸ್ ಹೇಳಿದ್ದು ಸಾಹಿತ್ಯದ ಬಗ್ಗೆ. ಆದರೆ ಸಿನಿಮಾಗೂ ಇದು ಚೆನ್ನಾಗಿ ಹೊಂದುತ್ತೆ.

೨. ನಿರ್ದೇಶಕರ ಹೆಸರೇ ಒಂದು ಭರವಸೆ

1972ರ ‘ನಾಗರಹಾವು’ ನೋಡಿ. ವಿಷ್ಣುವರ್ಧನ್ ನಾಯಕನಾಗಿ ಬಂದದ್ದು ಅದರಲ್ಲೇ ಮೊದಲು, ಅಂಬರೀಶ್ ಅವರಿಗೆ ಅದೇ ಮೊದಲ ಚಿತ್ರ. ಹಾಗಾಗಿ ಇವರಿಬ್ಬರ ಹೆಸರು ನೋಡಿ ಟಿಕೆಟ್ ತಗೊಂಡವರು ಇದ್ದಿರಲಾರರು. ‘ಗೆಜ್ಜೆಪೂಜೆ’, ‘ಶರಪಂಜರ’ ಕೊಟ್ಟ ಪುಟ್ಟಣ್ಣ ಕಣಗಾಲ್ ಅನ್ನೋ ಹೆಸರಿಗೇ ಆಗ ತೂಕ ಇತ್ತು. ಜೊತೆಗೆ ತರಾಸು ಕಾದಂಬರಿ ಓದಿದವರ ಮನಸ್ಸಿನಲ್ಲಿ ಅವರವರ ರಾಮಾಚಾರಿ ಆಗಲೇ ಓಡಾಡ್ತಿದ್ದ. ಸ್ವತಃ ತರಾಸು ಅವರಿಗೆ ಚಿತ್ರ ಹಿಡಿಸಲಿಲ್ಲ ಅನ್ನೋದು ಪ್ರಸಿದ್ಧ. ಜನಕ್ಕೆ ಮಾತ್ರ ಅದೇ ರಾಮಾಚಾರಿ ಕೊನೆವರೆಗೂ ಉಳಿದ. ಒಂದೇ ಚಿತ್ರಕ್ಕೆ ಎರಡು ದಿಗಂತ ಇದ್ದವು ಅನ್ನೋದನ್ನ ಇಲ್ಲಿ ಗಮನಿಸಬೇಕು.

ಇನ್ನೊಂದು ತುದಿಯ ಉದಾಹರಣೆ ನಮ್ಮ ಕಾಲದ್ದು. 2022ರ ಸೆಪ್ಟೆಂಬರ್ 30ಕ್ಕೆ ಬಂದ ರಿಷಬ್ ಶೆಟ್ಟಿ ಅವರ ‘ಕಾಂತಾರ’ ಮೊದಲು ಕನ್ನಡದಲ್ಲಷ್ಟೇ ತೆರೆಕಂಡಿತ್ತು. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿದ ಮೇಲೆ ಬೇರೆ ಭಾಷೆಗಳಿಗೆ ಹೋಯ್ತು. 2025ರ ಅಕ್ಟೋಬರ್ 2ಕ್ಕೆ ‘ಕಾಂತಾರ: ಅಧ್ಯಾಯ 1’ ಬರುವ ಹೊತ್ತಿಗೆ ಅದೇ ನಿರ್ದೇಶಕರ ಮೇಲೆ ಇಡೀ ದೇಶದ ಕಣ್ಣು. ಮೊದಲನೆಯದನ್ನು ಜನ ಕಂಡುಕೊಂಡರು, ಎರಡನೆಯದನ್ನು ಅಳತೆಗೋಲು ಹಿಡ್ಕೊಂಡೇ ನೋಡಿದರು.

೩. ಆಶ್ಚರ್ಯವೇ ಅಭ್ಯಾಸವಾದಾಗ

ಈಗ ಉಪೇಂದ್ರ. ಕಾಶೀನಾಥ್ ಗರಡಿಯಲ್ಲಿ ಪಳಗಿದ ಅವರು 1992ರಲ್ಲಿ ‘ತರ್ಲೆ ನನ್ಮಗ’ ಮಾಡಿ ನಗಿಸಿದರು. ಮರುವರ್ಷ ‘ಶ್!’ ಮಾಡಿ ಹೆದರಿಸಿದರು. 1995ರಲ್ಲಿ ಶಿವರಾಜ್‌ಕುಮಾರ್ ಅವರಿಗೆ ‘ಓಂ’ ಮಾಡಿ ಭೂಗತ ಲೋಕದ ಕಥೆಗಳ ದಾರಿಯನ್ನೇ ಬದಲಿಸಿದರು. ಹಾಸ್ಯ, ಭಯ, ರೌಡಿಸಂ. ಮೂರಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ. ಅಲ್ಲಿವರೆಗೆ ‘ಉಪೇಂದ್ರ ಸಿನಿಮಾ ಅಂದ್ರೆ ಹೀಗೇ’ ಅಂತ ಹೇಳೋದು ಕಷ್ಟ ಇತ್ತು.

1998ರ ‘ಎ’ ಅದನ್ನು ಬದಲಿಸಿತು. ಅವರೇ ನಾಯಕ, ಕಥೆ ಹಿಂದುಮುಂದಾಗಿ ಓಡುತ್ತೆ, ಪೋಸ್ಟರ್ ಮೇಲೆ ಬುದ್ಧಿವಂತರಿಗೆ ಮಾತ್ರ ಅನ್ನೋ ಸವಾಲು. ಅರ್ಥ ಆಗಲಿಲ್ಲ ಅಂದವರೇ ಅರ್ಥ ಮಾಡ್ಕೊಳ್ಳೋಕೆ ಇನ್ನೊಂದು ಸಲ ಹೋದರು. 1999ರ ‘ಉಪೇಂದ್ರ’ದಲ್ಲಿ ನಾಯಕನ ಹೆಸರೇ ‘ನಾನು’. ಅಲ್ಲಿಂದ ಮುಂದೆ ಪ್ರೇಕ್ಷಕ ಒಂದು ಲೆಕ್ಕ ಹಾಕಿಕೊಂಡ: ಉಪ್ಪಿ ಅಂದರೆ ತಲೆಗೆ ಕೆಲಸ, ಬೈಗುಳದಂಥ ಸತ್ಯ, ಕೊನೆಯಲ್ಲಿ ಒಂದು ತಿರುವು.

ಈ ಲೆಕ್ಕದಲ್ಲೇ ತೊಡಕಿದೆ. ವಿಚಿತ್ರವನ್ನೇ ಎದುರು ನೋಡ್ತಾ ಕೂತವನಿಗೆ ವಿಚಿತ್ರ ತೋರಿಸಿದರೆ ಅದು ಮಾಮೂಲು. ಸರಳ ಕಥೆ ಹೇಳಿದರೆ ‘ಇದು ಉಪ್ಪಿ ಸಿನಿಮಾನೇ ಅಲ್ಲ’ ಅನ್ನೋ ದೂರು. ದಿಗಂತ ವಿಸ್ತರಿಸಿದ ನಿರ್ದೇಶಕ ಆ ದಿಗಂತದೊಳಗೇ ಸಿಕ್ಕಿಬೀಳೋದು ಹೀಗೆ.

ಮತ್ತೆ ನಿರ್ದೇಶಕನ ಕುರ್ಚಿಗೆ ಬರೋಕೆ ಅವರು 11 ವರ್ಷ ತಗೊಂಡರು. 2010ರ ಚಿತ್ರಕ್ಕೆ ಅಕ್ಷರದ ಹೆಸರೇ ಇರಲಿಲ್ಲ, ಕೈಬೆರಳಿನ ಒಂದು ಮುದ್ರೆ ಮಾತ್ರ. ‘ಸೂಪರ್’ ಅಂತ ಓದಿದ್ದು ಜನ. ಆಮೇಲೆ 5 ವರ್ಷಕ್ಕೆ ‘ಉಪ್ಪಿ 2’, ಅದರಲ್ಲಿ ‘ನಾನು’ ಹೋಗಿ ‘ನೀನು’ ಬಂದ. ಅದಾಗಿ 9 ವರ್ಷಕ್ಕೆ ‘ಯುಐ’. ನಿರ್ದೇಶಕ ಸುಮ್ಮನಿದ್ದಷ್ಟೂ ಪ್ರೇಕ್ಷಕನ ತಲೆಯೊಳಗಿನ ಸಿನಿಮಾ ದೊಡ್ಡದಾಗ್ತಾ ಹೋಗುತ್ತೆ ಅನ್ನೋದಕ್ಕೆ ಈ ಅಂತರಗಳೇ ಸಾಕ್ಷಿ.

೪. ಕತ್ತಲೆಯ ಟೀಸರ್

‘ಯುಐ’ ಬಂದದ್ದು 2024ರ ಡಿಸೆಂಬರ್ 20ಕ್ಕೆ. ಅದಕ್ಕೂ ಮುಂಚೆ, 2023ರ ಸೆಪ್ಟೆಂಬರ್‌ನಲ್ಲಿ ಬಿಟ್ಟ ಟೀಸರ್‌ನಲ್ಲಿ ದೃಶ್ಯವೇ ಇರಲಿಲ್ಲ. ಕತ್ತಲೆ, ಅದರೊಳಗೆ ಶಬ್ದ ಮತ್ತು ಮಾತು, ಅಷ್ಟೇ. ಚಿತ್ರ ನೀವೇ ಕಲ್ಪಿಸಿಕೊಳ್ಳಿ ಅನ್ನೋ ಆಹ್ವಾನ ಅದು. ಪಾಠದ ಶುರುವಿಗೆ ನಾವು ಹೇಳಿದ ‘ತಲೆಯೊಳಗಿನ ಸಿನಿಮಾ’ವನ್ನು ನಿರ್ದೇಶಕರೇ ಬಹಿರಂಗವಾಗಿ ಪ್ರೇಕ್ಷಕರ ಕೈಗೆ ಕೊಟ್ಟ ಹಾಗಾಯ್ತು.

ಸಿನಿಮಾದ ಒಳಗೂ ಅದೇ ಆಟ. ಶುರುವಿನಲ್ಲೇ ಬುದ್ಧಿವಂತರು ಎದ್ದು ಹೋಗಬಹುದು, ದಡ್ಡರು ಕೂತು ನೋಡಬಹುದು ಅನ್ನೋ ಅರ್ಥದ ಸೂಚನೆ. ‘ಎ’ ಪೋಸ್ಟರ್‌ನ ಸವಾಲು 26 ವರ್ಷಕ್ಕೆ ತಲೆಕೆಳಗಾಗಿ ಬಂತು. ಕಥೆಯಲ್ಲಿ ಉಪೇಂದ್ರ ಅನ್ನೋ ನಿರ್ದೇಶಕ ‘ಯುಐ’ ಅನ್ನೋ ಸಿನಿಮಾ ಮಾಡಿದ್ದಾನೆ, ಅದನ್ನು ನೋಡಿದವರು ಒಬ್ಬೊಬ್ಬರು ಒಂದೊಂದು ಥರ ಆಡ್ತಾರೆ, ಒಬ್ಬ ವಿಮರ್ಶಕನಿಗೆ ವಿಮರ್ಶೆ ಬರೆಯೋಕೇ ಆಗಲ್ಲ. ಅಂದರೆ ನಾವು ನೋಡಿದ್ದು ನಮ್ಮ ನಿರೀಕ್ಷೆಯ ಬಗ್ಗೆಯೇ ತೆಗೆದ ಸಿನಿಮಾ. ಕೆಲವರು ಮೆಚ್ಚಿದರು, ಕೆಲವರು ಗೊಂದಲ ಅಂದರು. ಎರಡೂ ಅಭಿಪ್ರಾಯಕ್ಕೆ ಜಾಗ ಇದೆ. ನಮ್ಮ ಪ್ರಶ್ನೆ ಬೇರೆ: ಮೆಚ್ಚಿದವರು, ಬೈದವರು ಅಳೆದದ್ದು ಯಾವುದರ ಪಕ್ಕ ಇಟ್ಟು? 2024ರ ಚಿತ್ರವನ್ನು 1998ರ ನೆನಪಿನ ಪಕ್ಕ ಇಟ್ಟು ಅಳೆದವರೇ ಹೆಚ್ಚು ಅನ್ನೋದು ನಮಗೆ ಅನ್ನಿಸಿದ್ದು.

೫. ಸಲ್ಮಾಬಾದ್‌ನಿಂದ ಕಾಯುವವರ ಪಾಡು

ಊರಲ್ಲಿದ್ದರೆ ಒಂದು ಸಿನಿಮಾ ಹಿಡಿಸದಿದ್ದರೆ ಮುಂದಿನ ಶುಕ್ರವಾರ ಇನ್ನೊಂದು. ಗ್ಯಾರೇಜು, ವರ್ಕ್‌ಶಾಪು, ಗೋಡೌನುಗಳ ನಡುವೆ ಇರೋ ನಮಗೆ ಹಾಗಲ್ಲ. ಕನ್ನಡ ಸಿನಿಮಾ ಬರೋದೇ ಅಪರೂಪ, ಬಂದರೂ ಕೆಲವೇ ಆಟ. ಕಾರಿರೋ ಗೆಳೆಯರನ್ನು ಹಿಡಿದು, ಟಿಕೆಟ್ ಹಣ ಹೊಂದಿಸಿ, ಸೀಫ್ ಅಥವಾ ಮನಾಮ ಕಡೆ ಹೋಗಬೇಕು. ಮೊದಲ ವಾರಾಂತ್ಯಕ್ಕೆ ಸೀಟು ತುಂಬದಿದ್ದರೆ ಆಟ ಎತ್ತಿಬಿಡ್ತಾರೆ. ಹಾಗಾಗಿ ಇಲ್ಲಿ ನಿರೀಕ್ಷೆ ಬರೀ ಮನಸ್ಸಿನ ಮಾತಲ್ಲ, ಮುಂದಿನ ಕನ್ನಡ ಸಿನಿಮಾ ಈ ದ್ವೀಪಕ್ಕೆ ಬರುತ್ತೋ ಇಲ್ವೋ ಅನ್ನೋದೂ ಸ್ವಲ್ಪ ಮಟ್ಟಿಗೆ ಅದರ ಮೇಲಿದೆ.

ಬಹ್ರೈನ್‌ನಲ್ಲಿ ಇಂಥ ಕಾಯುವಿಕೆ ಹೊಸದೂ ಅಲ್ಲ. 2018ರವರೆಗೆ ಸೌದಿಯಲ್ಲಿ ಸಾರ್ವಜನಿಕ ಚಿತ್ರಮಂದಿರ ಇಲ್ಲದಿದ್ದ ದಶಕಗಳಲ್ಲಿ ಅಲ್ಲಿನ ಜನ 25 ಕಿಲೋಮೀಟರ್ ಉದ್ದದ ಕಿಂಗ್ ಫಹದ್ ಸೇತುವೆ ದಾಟಿ ಸಿನಿಮಾಗೆಂದೇ ಇಲ್ಲಿಗೆ ಬರ್ತಿದ್ರು.

ನಮಗಿರೋ ಎರಡು ತೊಂದರೆಗಳನ್ನೂ ಹೇಳಲೇಬೇಕು. ಮೊದಲನೆಯದು ಗಡಿಯಾರ. ನಾವು ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ. ಬೆಂಗಳೂರಲ್ಲಿ ಮುಂಜಾನೆ 6:30ರ ಆಟ ಶುರುವಾದಾಗ ಇಲ್ಲಿ 4 ಗಂಟೆ. ನಾವು ಎದ್ದು ಫೋನ್ ತೆಗೆಯೋಷ್ಟರಲ್ಲಿ ಸ್ಟಾರು, ತೀರ್ಪು, ಕ್ಲೈಮ್ಯಾಕ್ಸು ಎಲ್ಲಾ ಬಂದು ಕೂತಿರುತ್ತೆ. ಎರಡನೆಯದು ಮರ್ಯಾದೆಯ ಭಾರ. ಮಲಯಾಳಿ, ತಮಿಳು, ಫಿಲಿಪಿನೋ ಸಹಪಾಠಿಗಳನ್ನು ‘ನಮ್ಮ ಸಿನಿಮಾ ನೋಡ್ರೋ’ ಅಂತ ಕರ್ಕೊಂಡು ಹೋದಾಗ, ಆ ಒಂದು ಸಿನಿಮಾ ಇಡೀ ಕನ್ನಡದ ಪರವಾಗಿ ಪರೀಕ್ಷೆ ಬರೆಯಲಿ ಅಂತ ನಾವು ಬಯಸ್ತೀವಿ. ಪಕ್ಕದವನ ಮುಖ ನೋಡ್ತಾ ಅರ್ಧ ಸಿನಿಮಾ ಕಳ್ಕೋತೀವಿ. ಯಾವ ನಿರ್ದೇಶಕರೂ ಹೊರಲಾರದ ಹೊರೆ ಇದು, ಹೊರಿಸೋದೂ ನ್ಯಾಯ ಅಲ್ಲ.

೬. ಅಭ್ಯಾಸ

ಮುಂದೆ ಯಾವುದೇ ದೊಡ್ಡ ನಿರ್ದೇಶಕರ ಸಿನಿಮಾಗೆ ಕಾಯುವಾಗ ಇದನ್ನು ಮಾಡಿ ನೋಡೋಣ. ಒಂದು ಹಾಳೆಯಲ್ಲಿ ಮೂರು ಕಂಬ ಹಾಕಿ. ಮೊದಲನೆಯದರಲ್ಲಿ, ನೋಡುವ ಮುಂಚೆ, ನೀವು ಎದುರು ನೋಡ್ತಿರೋದನ್ನು ಬರೆಯಿರಿ. ಎರಡನೆಯದರಲ್ಲಿ ಆ ಪ್ರತಿಯೊಂದು ನಿರೀಕ್ಷೆ ಎಲ್ಲಿಂದ ಬಂತು ಅಂತ ಗುರುತಿಸಿ: ಹಳೆಯ ಸಿನಿಮಾ, ಪೋಸ್ಟರ್, ಹಾಡು, ಸಂದರ್ಶನ, ಗೆಳೆಯರ ಮಾತು. ಮೂರನೆಯದನ್ನು ನೋಡಿ ಬಂದು ಒಂದು ದಿನ ಬಿಟ್ಟು ತುಂಬಿ: ಸಿನಿಮಾ ನಿಜವಾಗಿ ಕೊಟ್ಟಿದ್ದೇನು?

ನಂತರ ಸಂಘದ ಕೂಟದಲ್ಲಿ ಈ ಪ್ರಶ್ನೆಗಳನ್ನು ಚರ್ಚಿಸಿ:

• ಬೇಸರ ಆಗಿದ್ದರೆ, ಅದು ಸಿನಿಮಾದ ದೋಷದಿಂದಲೋ, ಮೊದಲ ಕಂಬದಲ್ಲಿ ಬರೆದದ್ದು ಸಿಗದೇ ಹೋದದ್ದರಿಂದಲೋ?
• ನಿರ್ದೇಶಕರ ಹೆಸರು ಮುಚ್ಚಿಟ್ಟು ತೋರಿಸಿದ್ದರೆ ನಿಮ್ಮ ಅಭಿಪ್ರಾಯ ಬದಲಾಗ್ತಿತ್ತಾ?
• ಕನ್ನಡ ಬಾರದ ಗೆಳೆಯ ಮೆಚ್ಚಿದ್ದು ಏನನ್ನ? ಅವನಿಗೆ ತಪ್ಪಿಹೋದದ್ದು ಏನು?
• ಮೊದಲ ಕಂಬದಲ್ಲಿ ಇಲ್ಲದೇ ಮೂರನೆಯದರಲ್ಲಿ ಬಂದದ್ದು ಏನಾದ್ರೂ ಇದೆಯಾ?

ಕೊನೆಯ ಪ್ರಶ್ನೆಗೆ ಒಂದಾದರೂ ಉತ್ತರ ಸಿಕ್ಕಿದರೆ, ಗುರುವಾರ ರಾತ್ರಿ ನಿದ್ದೆಗೆಟ್ಟು ಹೋಗಿಬಂದದ್ದು ಸಾರ್ಥಕ ಅಂತಲೇ ನಾವು ಎಣಿಸ್ತೀವಿ.